ಗಾಳಿಗೆ ಎರಡು ಕಂಬ

ಊರಿಗೆಲ್ಲ ಬೇಲಿ ಹಾಕಿಕೊಟ್ಟ ಬೇಲಿಯಣ್ಣನ ಮನೆಗೇ ಬೇಲಿ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಗಿರಾಕಿಗಳು ಛೇಡಿಸಿದರೆ, "ಅಡುಗೆಯವನು ಮನೆಯಲ್ಲಿ ಹೆಂಡತಿ ಬಡಿಸಿದ್ದನ್ನೇ ಉಣ್ಣೋದು ಸ್ವಾಮಿ" ಅನ್ನುತ್ತಿದ್ದ. ಪ್ರಶ್ನೆಗೂ ಉತ್ತರಕ್ಕೂ ಏನು ಸಂಬಂಧ ಅಂತ ಅವರು ಹುಡುಕುವಷ್ಟರಲ್ಲಿ, ಅವನು ಟೇಪು ಹಿಡಿದು ಹಿತ್ತಿಲ ಆ ಮೂಲೆ ಸೇರಿರುತ್ತಿದ್ದ.

ಈ ಕಸುಬಿನಲ್ಲೇ ತಲೆ ನರೆತವನು ಅವನು. ಜನ ಬೇಲಿ ಹಾಕಿಸುವುದು ಒಂದೋ ನಾಯಿಗೆ, ಇಲ್ಲವೇ ನೆರೆಯವರಿಗೆ. ನಾಯಿಗೆ ಹಾಕಿಸುವವರು ನಾಲ್ಕಡಿ ಸಾಕು ಅನ್ನುತ್ತಾರೆ. ನೆರೆಯವರ ಮೇಲಿನ ಸಿಟ್ಟಿಗೆ ಹಾಕಿಸುವವರು ಮಾತು ಶುರುಮಾಡುವುದೇ ಆರಡಿಯಿಂದ. ಇಂಥ ಸಿಟ್ಟಿನ ಬೇಲಿಗೆ ಬೇಲಿಯಣ್ಣನದೇ ಒಂದು ಕ್ರಮವಿತ್ತು. ಕಂಬಕ್ಕೂ ಕಂಬಕ್ಕೂ ನಡುವೆ ಆರಡಿ ಬಿಡುವವನು, ಒಂದೇ ಒಂದು ಕಡೆ ಮಾತ್ರ ಎರಡು ಕಂಬಗಳನ್ನು ಮೂರಡಿ ಅಂತರದಲ್ಲಿ ನೆಡುತ್ತಿದ್ದ.

"ಇದ್ಯಾಕಣ್ಣ ಇಲ್ಲಿ ಇಷ್ಟು ಹತ್ತಿರ?"

"ಗಾಳಿಗೆ."

ಮುಖದ ಒಂದು ಗೆರೆಯೂ ಕದಲುತ್ತಿರಲಿಲ್ಲ. ಗಾಳಿಗೆ ಅಂದರೆ ಯಾರು ತಾನೇ ಎದುರಾಡುತ್ತಾರೆ? ವರ್ಷದೊಳಗೆ ಅದೇ ಮನೆಯಿಂದ ಫೋನು: "ಅಣ್ಣ, ನಡುವೆ ಒಂದು ಸಣ್ಣ ಗೇಟು ಕೂರಿಸೋಕೆ ಆಗುತ್ತಾ?" ಆಗದೆ ಏನು! ಆ ಮೂರಡಿಯ ಹಲಗೆ ಬಿಚ್ಚಿ, ಕಂಬಕ್ಕೆ ಗೇಟು ತೂಗಿಸಿದರೆ ಮುಗಿಯಿತು. ಸಿಟ್ಟಿಗೊಂದು ಬಿಲ್ಲು, ರಾಜಿಗೊಂದು ಬಿಲ್ಲು.

ಈ ಗುಟ್ಟು ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ. ಕಷ್ಟಕ್ಕೆ ಬಂದದ್ದೂ ಅಲ್ಲೇ.

ಅವರ ಹಿತ್ತಿಲಿಗೂ ಪಕ್ಕದ ಟೈಲರಮ್ಮನ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಸಾಲು ಇಟ್ಟಿಗೆ. ಸಂಜೆಯಾದರೆ ಹೆಂಡತಿ ಅದನ್ನು ದಾಟಿ ಹೋಗಿ, ಮಿಷನ್ ಪಕ್ಕ ಕೂತು ಅಂಗಿಗಳಿಗೆ ಬಟನ್ ಹಾಕಿಕೊಡುತ್ತಿದ್ದಳು. ಕೆಲಸ ಕಾಲುಪಾಲು, ಮಾತು ಮುಕ್ಕಾಲುಪಾಲು. ಬೇಲಿಯಣ್ಣ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತರೆ ಅವಳ ನಗು ಆ ಕಡೆಯಿಂದ ತೇಲಿ ಬರುತ್ತಿತ್ತು. ಅದನ್ನು ಕೇಳಿದ ಮೇಲೇ ಅವನು ಬೂಟು ಬಿಚ್ಚುತ್ತಿದ್ದದ್ದು.

ಹಾಗಿರುವಾಗ ಹೆಂಡತಿ ಮುದ್ದಿನಿಂದ ಸಾಕಿದ ನಾಯಿಮರಿ, ಟೈಲರಮ್ಮ ಹೊಲಿದು ತಂತಿಗೆ ಹರವಿದ್ದ ಗಿರಾಕಿಯ ರೇಷ್ಮೆ ಗೌನನ್ನು ಎಳೆದು ಹಾಸಿಗೆ ಮಾಡಿಕೊಂಡಿತು.

"ನಾಯೀನ ಹದ್ದುಬಸ್ತಲ್ಲಿ ಇಡೋಕಾಗದಿದ್ರೆ ಬೇಲಿ ಹಾಕಿಸಿ," ಅಂದಳು ಟೈಲರಮ್ಮ.

"ಹಾಕಿಸ್ತೀವಿ. ನಮ್ಮನೇಲಿ ಬೇಲಿಗೇನು ಬರ ಇಲ್ಲ," ಅಂದಳು ಹೆಂಡತಿ.

ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ ಆಯಿತು. ಇಷ್ಟು ದಿನ 'ಅಕ್ಕ', 'ಕಣೇ' ಅಂತಿದ್ದವರು 'ನೀವು, ತಾವು' ಅಂತ ಮರ್ಯಾದೆ ಕೊಡತೊಡಗಿದರು. ಹೆಂಗಸರು ಮರ್ಯಾದೆಗೆ ಇಳಿದರೆ ಜಗಳ ಆಳವಾಗಿದೆ ಅಂತ ಅರ್ಥ.

ಬೇಲಿಯಣ್ಣ ದಾರ ಹಿಡಿದು ಗೂಟ ಹೊಡೆಯುವಾಗ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಆರಡಿ ಎತ್ತರ ಇರಲಿ ರೀ. ಮುಖ ಕಾಣಬಾರದು."

"ನಾಯಿಗೆ ನಾಲ್ಕಡಿ ಸಾಕು ಕಣೇ."

"ನಾನು ಹೇಳಿದ್ದು ನಾಯಿ ಮುಖ ಅಲ್ಲ."

ಅಷ್ಟರಲ್ಲಿ ಅವಳ ಕಣ್ಣು ಹತ್ತಿರ ಹತ್ತಿರ ಇದ್ದ ಎರಡು ಗೂಟಗಳ ಮೇಲೆ ಬಿತ್ತು. ಬಗ್ಗಿ ಒಂದನ್ನು ಕಿತ್ತು ಅವನ ಕೈಗಿಟ್ಟಳು. "ಆ ಗಾಳಿ ಗಿರಾಕಿಗಳ ಮನೇಲಿ ಬೀಸಲಿ. ಇಲ್ಲಿ ಬೇಡ."

ಹೆದರಿದನೋ ಮರ್ಯಾದೆ ಕೊಟ್ಟನೋ, ಬೇಲಿಯಣ್ಣ ಸರಿಯಾಗಿ ಆರಾರಡಿ ಅಂತರಕ್ಕೇ ಗುಂಡಿ ತೋಡಿದ. ಕಂಬ ನಿಲ್ಲಿಸಿ, ಕಾಂಕ್ರೀಟು ಸುರಿದು, ಅದು ಬಿಗಿಯುವ ತನಕ ಕಾದು, ಅಡ್ಡಪಟ್ಟಿ ಬಡಿದ. ಹಲಗೆಯ ನುಣುಪು ಮುಖ ನೆರೆಯವರ ಕಡೆಗೆ, ಅಡ್ಡಪಟ್ಟಿ ನಮ್ಮ ಕಡೆಗೆ ಅನ್ನುವುದು ಅವನ ಕಸುಬಿನ ನಿಯಮ.

"ಅವಳಿಗೆ ಅಂದದ ಮುಖ, ನಮಗೆ ಪಕ್ಕೆಲುಬಾ?" ಅಂತ ಹೆಂಡತಿ ರೇಗಿದಳು. ಇದೊಂದರಲ್ಲಿ ಮಾತ್ರ ಅವನು ಜಗ್ಗಲಿಲ್ಲ.

ಬೇಲಿ ಅಚ್ಚುಕಟ್ಟಾಗಿ ನಿಂತಿತು. ಆಮೇಲಿನ ಸಂಜೆಗಳಲ್ಲಿ ಬೇಲಿಯಣ್ಣ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುವುದನ್ನೇ ಮರೆಯುತ್ತಿದ್ದ. ಒಳಗೆ ಟಿವಿ ತನ್ನ ಪಾಡಿಗೆ ತಾನು ಕೂಗಿಕೊಳ್ಳುತ್ತಿತ್ತು. ಹೆಂಡತಿಯ ಕಿವಿ ಮಾತ್ರ ಹಿತ್ತಿಲಲ್ಲಿ.

"ಮಿಷನ್ ಸದ್ದು ನಿಂತುಬಿಡ್ತಲ್ರೀ?"

"ದಾರ ತುಂಡಾಗಿರಬೇಕು."

"ಬಟನ್ ಹಾಕ್ತಿರಬೇಕು. ಅವಳಿಗೆ ಬಟನ್ ಹಾಕೋಕೆ ಬರಲ್ಲ," ಅಂದವಳು ಟಿವಿ ಸದ್ದು ತಗ್ಗಿಸಿದಳು. ಎಷ್ಟೋ ಮನೆಗೆ ಗೇಟು ಕೂರಿಸಿಕೊಟ್ಟವನಿಗೆ ತನ್ನ ಮನೆಯ ನಗು ಆಚೆಯೇ ಉಳಿದುಬಿಟ್ಟಿತೇನೋ ಅನ್ನಿಸಿತು.

ಒಂದು ಸಂಜೆ ಬಂದು ನೋಡುತ್ತಾನೆ, ಹೆಂಡತಿ ಕೆಳಗಿನ ಅಡ್ಡಪಟ್ಟಿಯ ಮೇಲೆ ಕಾಲಿಟ್ಟು, ಬೇಲಿಯ ಮೇಲೆ ಗಲ್ಲ ಊರಿ ನಿಂತಿದ್ದಾಳೆ! ಆಚೆ ಕಡೆ ಹಿಡಿದು ಹತ್ತಲು ಏನೂ ಇಲ್ಲ, ಬರೀ ನುಣುಪು. ಟೈಲರಮ್ಮ ಮಿಷನ್ ಸ್ಟೂಲನ್ನೇ ತಂದು ಹತ್ತಿದ್ದಳು.

"ಅಕ್ಕಾ, ನಾನು ಹಾಕಿದ ಬಟನ್ ಕಿತ್ತು ಬಂತು ಅಂತ ಗಿರಾಕಿ ಬೈದು ಹೋದ್ಲು."

"ನಿನ್ನ ಬಟನ್ ಗಿರಾಕಿ ಮನೆ ತನಕ ಹೋಗಿದ್ದೇ ಹೆಚ್ಚು ಕಣೇ! ಕೊಡಿಲ್ಲಿ."

ಅಂಗಿ ಬೇಲಿ ದಾಟಿ ಬಂತು. ಅದರ ಹಿಂದೆಯೇ ನಗು. ಬೇಲಿಯಣ್ಣ ಮೆಟ್ಟಿಲ ಮೇಲೆ ಕೂತು ಸಾವಕಾಶವಾಗಿ ಬೂಟು ಬಿಚ್ಚಿದ.

"ಭಾವ, ಬೇಲಿ ಅಂದ್ರೆ ಬೇಲಿ ಹಾಕಿದ್ದೀರಿ ಬಿಡಿ. ಸ್ಟೂಲ್ ಮೇಲೆ ನಿಂತೂ ನಿಂತೂ ಮೀನಖಂಡ ಹಿಡ್ಕೊಳ್ತು," ಅಂದಳು ಟೈಲರಮ್ಮ.

ಹೆಂಡತಿ ತಿರುಗಿ ನೋಡದೆ ಕೇಳಿದಳು, "ರೀ, ಇಲ್ಲೊಂದು ಗೇಟು ಆಗುತ್ತಾ?"

"ಗಾಳಿಗೆ ಎರಡು ಕಂಬ ಇದ್ದಿದ್ರೆ ಆಗ್ತಿತ್ತು. ಯಾರೋ ಗೂಟ ಕಿತ್ತುಬಿಟ್ರು."

"ಯಾರೋ ಕಿತ್ತರೆ ನೀವು ಸುಮ್ಮನಿರೋದಾ? ಇಷ್ಟು ವರ್ಷದ ಕಸುಬು, ಅಷ್ಟೂ ತಿಳಿಯಬಾರದಾ?"

ಇಂಥ ಮಾತಿಗೆ ಉತ್ತರ ಕೊಟ್ಟು ಗೆದ್ದ ಗಂಡಸು ಇನ್ನೂ ಹುಟ್ಟಿಲ್ಲ. ಮಾರನೆಯ ಬೆಳಿಗ್ಗೆ ಅವನು ಎರಡು ಕಂಬಗಳ ನಡುವಿನ ಆರಡಿಯ ಹಲಗೆಗಳನ್ನು ಪೂರಾ ಬಿಚ್ಚಿದ. ಅಷ್ಟು ಅಗಲಕ್ಕೆ ಒಂದೇ ಗೇಟು ಹಾಕಿದರೆ ಭಾರಕ್ಕೆ ಜೋತುಬೀಳುತ್ತದೆ. ಹಾಗಾಗಿ ನಡುವೆ ಕೂಡುವ ಎರಡು ರೆಕ್ಕೆ ಮಾಡಿದ. ಚಿಲಕ ಯಾವ ಕಡೆ ಇರಬೇಕು ಅಂತ ಅಕ್ಕ ತಂಗಿ ಮಧ್ಯಾಹ್ನದ ತನಕ ವಾದಿಸಿದರು. ಕೊನೆಗೆ ಎರಡೂ ಕಡೆ ಹಾಕಿಸಿಕೊಂಡು, ಎರಡನ್ನೂ ತೆರೆದೇ ಬಿಟ್ಟರು. ಮೊದಲು ದಾಟಿ ಹೋದದ್ದು ನಾಯಿ. ಟೈಲರಮ್ಮ ಬಟ್ಟೆಯ ತಂತಿಯನ್ನು ಎತ್ತರಕ್ಕೆ ಕಟ್ಟಿಸಿಕೊಂಡಳು, ಅದೂ ಬೇಲಿಯಣ್ಣನ ಕೈಯಲ್ಲೇ.

ಈಗ ಬೇಲಿಯ ಮಾದರಿ ನೋಡಲು ಗಿರಾಕಿಗಳು ಅವನ ಹಿತ್ತಿಲಿಗೇ ಬರುತ್ತಾರೆ. ಮೊನ್ನೆ ಒಬ್ಬ, ತಾನೂ ಆರಡಿಯಿಂದಲೇ ಮಾತು ಶುರುಮಾಡಿದವನು, ಕಣ್ಣರಳಿಸಿ ಕೇಳಿದ: "ಇದೇನಣ್ಣ, ಲಾರಿ ನುಗ್ಗೋ ಅಷ್ಟು ದೊಡ್ಡ ಗೇಟು?"

ಬೇಲಿಯಣ್ಣ ಬಾಯಿ ತೆರೆಯುವ ಮೊದಲೇ ಮಿಷನ್ ಪಕ್ಕದಿಂದ ಹೆಂಡತಿ ಕೂಗಿದಳು, "ಗಾಳಿಗೆ!"