ಅತ್ತೆಯ ಕೈಯ ಕಜ್ಜಾಯ

ನಮ್ಮ ಮನೆಯ ಕಜ್ಜಾಯಕ್ಕಾಗಿ ನಾನು ಏಟು ತಿಂದಿದ್ದೇನೆ, ಕೊಟ್ಟೂ ಇದ್ದೇನೆ. ದೀಪಾವಳಿ ಎಂದರೆ ಜನಕ್ಕೆ ದೀಪ, ಪಟಾಕಿ ನೆನಪಾಗುತ್ತದಂತೆ. ನನಗೆ ಮೊದಲು ನೆನಪಾಗುವುದು ಸುಟ್ಟ ಕೂದಲಿನ ವಾಸನೆ.

ನಾನು ಚನ್ನರಾಯಪಟ್ಟಣದ ಕಡೆಯವಳು. ಹಳ್ಳಿಮೈಸೂರಿನ ಹತ್ತಿರದ ಈ ಮನೆಗೆ ಹಿರೀ ಸೊಸೆಯಾಗಿ ಬಂದೆ. ಕೆಲವು ವರ್ಷ ಕಳೆದು ಮೈದುನನ ಹೆಂಡತಿಯಾಗಿ ಅರಕಲಗೂಡಿನವಳು ಬಂದಳು. ಆವತ್ತಿನಿಂದಲೇ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಅವಳ ನಗು ನನಗಾಗದು, ನನ್ನ ದನಿ ಅವಳಿಗಾಗದು. ಆದರೆ ಇಬ್ಬರ ಕಣ್ಣೂ ಒಂದರ ಮೇಲೇ ಇತ್ತು. ಹಿರಿಯರ ಎಡೆಗೆ ಇಡುವ ಕಜ್ಜಾಯದ ಬೆಲ್ಲದ ಪಾಕವನ್ನು ಯಾರು ಇಳಿಸುತ್ತಾಳೋ ಅವಳೇ ಈ ಮನೆಯ ಒಡತಿ. ಅತ್ತೆ ಬದುಕಿರುವ ತನಕ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಅತ್ತೆ ತೀರಿಕೊಂಡ ಮೇಲಿನ ಮೊದಲ ದೀಪಾವಳಿ. ಈ ಸಲ ಎಡೆ ಅವರಿಗೇ. ಮಾವ ಬೆಳಗ್ಗೆಯೇ ಹೊಲದಲ್ಲಿರುವ ಅವರ ಸಮಾಧಿಗೆ ಸುಣ್ಣ ಬಳಿಯಲು ಹೋಗಿದ್ದರು. ಒಳಗೆ ಗ್ಯಾಸ್ ಇದ್ದರೂ ಎಡೆಯ ಅಡುಗೆಗೆ ಹಿತ್ತಿಲಿನ ಸೌದೆ ಒಲೆಯೇ ಆಗಬೇಕು. ಒಂದು ಒಲೆಯ ಮೇಲೆ ಪಾಕ ಕುದಿಯುತ್ತಿತ್ತು, ಪಕ್ಕದ್ದರಲ್ಲಿ ವಡೆ ಬೇಯುತ್ತಿತ್ತು.

ಪಾಕದ ಹನಿಯನ್ನು ನೀರಿಗೆ ಬಿಟ್ಟು ನೋಡಿ ಅವಳು, "ಉಂಡೆ ಕಟ್ತು, ಇಳ್ಸಕ್ಕ" ಅಂದಳು.

"ಇನ್ನೊಂದ್ ಗಳ್ಗೆ ಇರ್ಲಿ. ಈಗ್ಲೇ ಇಳಿಸಿದ್ರೆ ಎಣ್ಣೇಲಿ ಒಡೆದೋಯ್ತದೆ."

"ಅತ್ತೆಮ್ಮ ಇಂಗೇ ಇಳಿಸ್ತಿದ್ದುದ್ದು. ನನ್ ಕೈ ನಿಂಗೇ ಬಂದೈತೆ ಕಣವ್ವ ಅಂತ ನಂಗೇಳಿದ್ರು."

ಒಮ್ಮೆ ಕಾಲು ಒತ್ತುತ್ತಿದ್ದಾಗ ಅತ್ತೆ ಇದೇ ಮಾತನ್ನು ನನ್ನ ಕಿವಿಯಲ್ಲಿ ಹೇಳಿದ್ದರು. ಯಾರಿಗೂ ಹೇಳಬೇಡ ಅಂತಲೂ ಅಂದಿದ್ದರು. ಸತ್ತವರ ಮೇಲೆ ಕೈ ಮಾಡಲಾಗುವುದಿಲ್ಲವಲ್ಲ, ಎದುರಿಗಿದ್ದವಳು ಸಿಕ್ಕಳು.

"ಸುಳ್ಳಿ! ಅದ್ನ ನಂಗೇಳಿದ್ದು!"

ಅವಳು ಪಾಕದ ಪಾತ್ರೆಗೆ ಕೈ ಹಾಕಿದಳು. ನಾನು ಮಣಿಕಟ್ಟಿಗೆ ಬಾರಿಸಿದೆ. ಅವಳು ಬಾಣಲೆಯಲ್ಲಿದ್ದ ಜಾಲರಿ ಸೌಟು ಕಿತ್ತು ನನ್ನ ಹೆಗಲಿಗೆ ಬೀಸಿದಳು. ಕಾದ ಕಬ್ಬಿಣ ರವಿಕೆ ಸುಟ್ಟು ಚರ್ಮಕ್ಕೆ ತಾಗಿತು. ನಾನು ಅವಳ ಜಡೆ ಹಿಡಿದು ನೆಲಕ್ಕೆ ಕೆಡವಿದೆ. ತೋಳು ಕಚ್ಚಿದಳು, ರಕ್ತ ಬಂತು. ಉರುಳಾಡುವಾಗ ಯಾರ ಕಾಲು ತಗುಲಿತೋ, ಬಾಣಲೆ ಮಗುಚಿಕೊಂಡಿತು. ಎಣ್ಣೆ ಅವಳ ಮುಂಗೈ ಮೇಲೂ ನನ್ನ ಪಾದದ ಮೇಲೂ ಸಿಡಿದು, ಮಿಕ್ಕದ್ದು ಒಲೆಗೆ ಸುರಿದು, ಬೆಂಕಿ ಆಳೆತ್ತರ ಎದ್ದಿತು. ಅವಳ ಕೂದಲು ಹೊತ್ತಿಕೊಂಡಿತು. ಎಳೆದಾಡುತ್ತಿದ್ದ ಅದೇ ಜಡೆಯನ್ನು ಬರಿಗೈಲಿ ಬಡಿದು ಬಡಿದು ಆರಿಸಿದೆ. ಆರಿದ ಮೇಲೂ ಇಬ್ಬರೂ ಬೈಯುತ್ತಲೇ ಇದ್ದೆವು.

ಗಂಡಂದಿರು ಓಡಿಬಂದು ನಮ್ಮನ್ನು ಕಾರಿಗೆ ತುಂಬಿಕೊಂಡು ಹೊಳೆನರಸೀಪುರದ ಆಸ್ಪತ್ರೆಗೆ ಒಯ್ದರು. ಪಟ್ಟಿ ಕಟ್ಟುತ್ತಾ ನರ್ಸ್, "ಪಟಾಕೀನಾ?" ಅಂದಳು. ಇಬ್ಬರೂ ಒಟ್ಟಿಗೇ ಹೂಂಗುಟ್ಟಿದೆವು. ಬರುವಾಗ ನಮ್ಮ ಯಜಮಾನರು ಬಸ್ ಸ್ಟ್ಯಾಂಡ್ ಹತ್ತಿರದ ಸ್ವೀಟ್ ಅಂಗಡಿಯಲ್ಲಿ ಕಜ್ಜಾಯ ಕಟ್ಟಿಸಿಕೊಂಡರು. ಅತ್ತೆಯ ಎಡೆಗೆ ಅಂಗಡಿ ಕಜ್ಜಾಯ! ನಾಚಿಕೆಯಿಂದ ದಾರಿಯುದ್ದಕ್ಕೂ ತಲೆ ಎತ್ತಲಾಗಲಿಲ್ಲ.

ಮಾವನಿಗೆ ಕಣ್ಣು ಮಂಜು. ಸಂಜೆ ಬಂದು ಎಡೆಗೆ ಕೈ ಮುಗಿದರು. ನಮಗಾದದ್ದು ಅವರಿಗೆ ಯಾರೂ ಹೇಳಿರಲಿಲ್ಲ. ಕಜ್ಜಾಯ ಮುರಿದು ಬಾಯಿಗಿಟ್ಟು ನಿಧಾನಕ್ಕೆ ಅಗಿದರು. ಅಗಿಯುತ್ತಲೇ ಅಳತೊಡಗಿದರು.

"ಅವ್ಳ್ ಕೈದೇ ಕಣ್ರವ್ವ. ಥೇಟ್ ಅವ್ಳ್ದೇ. ಯಾರು ಪಾಕ ಇಳಿಸಿದ್ದು?"

ಗಂಡಂದಿರು ನೆಲ ನೋಡಿದರು. ನಾನು ಬಾಯಿ ತೆರೆದೆ, ಏನು ಹೇಳಲಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಅವಳು ಪಟ್ಟಿ ಸುತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೇಳಿದಳು:

"ಅಕ್ಕನೇ ಇಳಿಸಿದ್ದು, ಮಾವ."

ಮಾವ ತಡವರಿಸುತ್ತಾ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಇನ್ಮೇಕೆ ನೀನೇ ಮಾಡವ್ವ" ಅಂದರು. ಅಷ್ಟು ವರ್ಷ ನಾನು ಬಯಸಿದ್ದು ಈ ಮಾತನ್ನೇ. ಅದನ್ನು ನನ್ನ ಮಡಿಲಿಗೆ ಎಸೆದು ಸುಮ್ಮನೆ ಕೂತವಳ ಕತ್ತು ಹಿಸುಕಿ ಅಲ್ಲೇ ಕೊಂದುಬಿಡಬೇಕು ಅನ್ನಿಸಿತು.