ಫೆಲ್ಸಿ ಬಾಯಿಯ ನಲವತ್ತು ನಕ್ಷತ್ರಗಳು

ಫೆಲ್ಸಿ ಬಾಯಿ ಸೋಲ್ಡರಿಂಗ್ ಮಾಡುವಾಗಲೂ ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಮಡಂತ್ಯಾರಿನಲ್ಲಿ ಅವರದು ಟೈಲರ್ ಅಂಗಡಿ. ಒಂದು ಹೊಲಿಗೆ ಸೊಟ್ಟ ಕಂಡರೆ ಇಡೀ ತೋಳು ಬಿಚ್ಚುವ ಹೆಂಗಸು. ಓದಿದ್ದು ಎಂಟನೇ ಕ್ಲಾಸು. ನಾನು ಡಿಪ್ಲೊಮಾ ಮಾಡಿ ಬೆಳ್ತಂಗಡಿಯಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಕಿಚ್ಚಿನ ಬುಡ ಇರುವುದು ಇಲ್ಲೇ.

ಕ್ರಿಸ್ಮಸ್‌ಗೆ ಊರಲ್ಲಿ ಗೋದಲಿ ಸ್ಪರ್ಧೆ ನಡೆಯುತ್ತದೆ. ಬೈಹುಲ್ಲಿನ ಕೊಟ್ಟಿಗೆಯಲ್ಲಿ ಬಾಲಯೇಸು, ಸುತ್ತಲೂ ದೀಪ. ನಾನು ದೀಪ ಹಾಕಿಕೊಟ್ಟ ಗೋದಲಿಗೇ ಆರು ವರ್ಷ ಸತತ ಮೊದಲ ಬಹುಮಾನ. ಏಳನೆಯ ವರ್ಷ ಫೆಲ್ಸಿ ಬಾಯಿ ತಮ್ಮ ವಾರ್ಡಿನ ಗೋದಲಿಗೆ ತಾವೇ ದೀಪ ಮಾಡಲು ಹೊರಟು, ಒಂದು ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಹಿಡಿದು ನನ್ನಲ್ಲಿಗೆ ಬಂದರು.

"ಸರ್, ಇದರಲ್ಲಿ ವೈರ್ ಸಿಕ್ಕಿಸುವ ಪಿನ್ ಇಪ್ಪತ್ತೂ ಇಲ್ಲ. ನನಗೆ ನಲವತ್ತು ನಕ್ಷತ್ರ ಬೇರೆ ಬೇರೆ ಉರಿಯಬೇಕು. ಏನಾದ್ರೂ ದಾರಿ ಉಂಟಾ?"

ದಾರಿ ಇತ್ತು. ಶಿಫ್ಟ್ ರಿಜಿಸ್ಟರ್ ಎಂಬ ಚಿಪ್, ಕೆಲವೇ ಪಿನ್‌ಗಳಿಂದ ಹತ್ತಾರು ದೀಪ ಆಡಿಸುವಂಥದ್ದು. ವರ್ಷವರ್ಷವೂ ಪಾಠ ಮಾಡುತ್ತೇನೆ. ಆದರೂ "ಇಲ್ಲ ಬಾಯಿ, ದೊಡ್ಡ ಬೋರ್ಡೇ ತರಿಸಬೇಕು" ಎಂದೆ.

ಎರಡು ವಾರದಲ್ಲಿ ಅವರೇ ಯೂಟ್ಯೂಬ್ ನೋಡಿ ಕಂಡುಕೊಂಡರು. ಸಾಲಾಗಿ ಐದು ಚಿಪ್, ಒಂದೊಂದಕ್ಕೆ ಎಂಟು ನಕ್ಷತ್ರ. ಆದೇಶ ಹೊತ್ತು ಬೋರ್ಡಿನಿಂದ ಹೊರಟದ್ದು ಮೂರೇ ವೈರ್; ಯಾವುದು ಉರಿಯಬೇಕೆಂಬ ಮಾತು ಒಂದು ಚಿಪ್ಪಿನಿಂದ ಮುಂದಿನದಕ್ಕೆ ಸರಿಯುತ್ತ ಕೊನೆಯವರೆಗೂ ಮುಟ್ಟುತ್ತದೆ.

"ಒಂದೇ ನೂಲಲ್ಲಿ ಇಡೀ ಅಂಗಿ ಹೊಲಿಯುದಿಲ್ವಾ ಸರ್, ಹಾಗೆಯೇ" ಎಂದು ನನಗೇ ವಿವರಿಸಿದರು. ಇಷ್ಟು ಸುಲಭದಲ್ಲಿ ನಾನು ಯಾವ ಹುಡುಗನಿಗೂ ಹೇಳಿಕೊಟ್ಟವನಲ್ಲ. ಮೈಯೆಲ್ಲ ಉರಿಯಿತು.

ಸ್ಪರ್ಧೆಯ ಸಂಜೆ, ತೀರ್ಪುಗಾರರು ಪಕ್ಕದ ವಾರ್ಡಿಗೆ ಬಂದಾಗಿತ್ತು, ಫೆಲ್ಸಿ ಬಾಯಿಯ ನಕ್ಷತ್ರಗಳು ಮನಸ್ಸಿಗೆ ಬಂದ ಹಾಗೆ ಮಿಟುಕತೊಡಗಿದವು. ನನ್ನನ್ನು ಕರೆಸಿದರು. ನೋಡಿದ ಕೂಡಲೇ ಗೊತ್ತಾಯಿತು: ಕರಿಯ ಗ್ರೌಂಡ್ ವೈರ್ ಸಡಿಲಾಗಿದೆ. ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. "ಚಿಪ್ಪೇ ಹೋಗಿದೆ ಬಾಯಿ. ಇವತ್ತಿಗೆ ಆಗುವ ಕೆಲಸ ಅಲ್ಲ" ಎಂದು ಹೊರಟುಬಿಟ್ಟೆ.

ಹತ್ತು ನಿಮಿಷದಲ್ಲಿ ನಲವತ್ತೂ ಒಂದೊಂದಾಗಿ ಹೊತ್ತಿಕೊಂಡವಂತೆ. ಮೊದಲ ಬಹುಮಾನ ಅವರಿಗೇ ಹೋಯಿತು. ಮೈಕಿನ ಮುಂದೆ ನಿಂತು "ಕೊನೆಗೆ ತಪ್ಪು ತೋರಿಸಿಕೊಟ್ಟದ್ದು ನಮ್ಮ ಸರ್" ಎಂದರು. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಗೆದ್ದವರ ದೊಡ್ಡಸ್ತಿಕೆ ಇದು ಎಂದುಕೊಂಡು ಒಳಗೇ ಕುದಿದೆ.

ಕಳೆದ ವರ್ಷ ಅವರು ಅಂಗಡಿ ಮುಚ್ಚಿ ಮೂಡುಬಿದಿರೆಯ ತಂಗಿಯ ಮನೆಗೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ: "ಅವತ್ತು ನಾನು ಏನೂ ತೋರಿಸಲಿಲ್ಲವಲ್ಲ ಬಾಯಿ, ಮೈಕಿನಲ್ಲಿ ಯಾಕೆ ಹಾಗೆ ಹೇಳಿದ್ದು?"

"ತೋರಿಸಿದ್ರಿ ಮಾರಾಯ್ರೆ. ನಿಮ್ಮ ಕೈ ಆ ಕರಿ ವೈರಿನವರೆಗೆ ಹೋಗಿ ವಾಪಸ್ ಬಂತು. ನೀವು ಹೋದ ಮೇಲೆ ಮೊದಲು ಅದನ್ನೇ ನೋಡಿದೆ."

ಬಸ್ ಬಂತು. ಕಿಟಕಿಯಿಂದ ಅವರು ಕೈ ಬೀಸಿದರು. ನನ್ನ ಕೈ ಜೇಬಿನಿಂದ ಹೊರಗೆ ಬರಲಿಲ್ಲ.