ಕರೆದ ಮೇಲೆಯೇ ಮುಂದಿನ ಹೆಜ್ಜೆ

ಮೊನ್ನೆ ಕತಾರಿನ ಅಲ್ ವುಕೈರ್‌ನ ನಮ್ಮ ಕಟ್ಟಡದ ಮೆಟ್ಟಿಲಲ್ಲಿ, ಯಾರ ಅಡುಗೆಮನೆಯಿಂದಲೋ ಬಿಸಿ ಎಣ್ಣೆಗೆ ಬಿದ್ದ ಶುಂಠಿ, ಈರುಳ್ಳಿ ಸೊಪ್ಪಿನ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ. ಎದುರುಮನೆಯಲ್ಲಿದ್ದ ಆ ಚೀನೀ ತಾಯಿ...

ಅವರಿಗೆ ಆರು ವರ್ಷದ ಮಗಳಿದ್ದಳು. ಎದುರು ಸಿಕ್ಕವರನ್ನು ಸಂಬಂಧ ಹಿಡಿದು ಕರೆಯದೆ ಆ ಹುಡುಗಿ ದಾಟುವಂತಿರಲಿಲ್ಲ. ನನ್ನ ಮೂರು ವರ್ಷದ ಮಗಳು ಅವಳಿಗೆ 'ಮೇಯ್‌ಮೇಯ್', ಅಂದರೆ ತಂಗಿ. ನಾನು 'ಆಯೀ'. ಅವರಲ್ಲಿ ಅದು ಚಿಕ್ಕಮ್ಮ. ಶಿರಸಿ ಕಡೆಯ ನಮ್ಮ ಮನೆಗಳಲ್ಲಿ ಹೆತ್ತ ತಾಯಿ. ಮೊದಲ ಸಲ ಕೇಳಿದಾಗ ಬೆಚ್ಚಿದ್ದೆ. ನನ್ನ ಗಂಡನಿಗೆ ಆಮೇಲೆ ದಿನವೂ ಅದೇ ತಮಾಷೆ: "ನಿನ್ನ ದೊಡ್ಡ ಕೂಸು ಬಂತು ನೋಡೇ!"

ಒಂದು ಬೆಳಿಗ್ಗೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ನನ್ನನ್ನು ಕರೆದೇ ಹೋಗಲೆಂದು ತಾಯಿ ಮಗಳನ್ನು ನನ್ನೆದುರು ನಿಲ್ಲಿಸಿದ್ದರು. ಬಸ್ಸು ತಪ್ಪೀತು, ಬಿಡಿ ಎಂದೆ. "ಫಸ್ಟ್ ಕಾಲ್. ದೆನ್ ಬಸ್," ಎಂದರು. ಗಿಳಿಪಾಠ ಅಂದುಕೊಂಡೆ. ಒಳಗೆ ಬಂದು ಅವರ ದನಿಯನ್ನು ಅಣಕಿಸಿ ನಕ್ಕೆ ಕೂಡ.

ಆ ವರ್ಷದ ಜೂನ್‌ನ ಒಂದು ಮಧ್ಯಾಹ್ನ ಗಂಡ, ನಾನು ಸಾಮಾನಿನ ಚೀಲಗಳನ್ನು ಕಾರಿನಿಂದ ಇಳಿಸಿ ಮೇಲೆ ಬಂದೆವು. ಮಗಳನ್ನು ಗಂಡ ಎತ್ತಿಕೊಂಡರು ಎಂದು ನಾನು, ನಾನು ಎತ್ತಿಕೊಂಡೆ ಎಂದು ಅವರು... ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಕಾರು ಬಿಸಿಲಿನಲ್ಲಿತ್ತು, ಬೀಗ ಬಿದ್ದಿತ್ತು.

ಹಾಲನ್ನು ಫ್ರಿಜ್ಜಿಗೆ ಇಡುವಾಗ ಬಾಗಿಲು ದಬದಬ ಬಡಿದ ಸದ್ದು. ಆ ಹುಡುಗಿ.

"ಆಯೀ! ಮೇಯ್‌ಮೇಯ್! ಕಾರ್!"

"ಕೂಸು ನಿನ್ನ ಹತ್ರ ಇಲ್ವನೇ?" ಗಂಡನ ದನಿ ಈಗಲೂ ಕಿವಿಯಲ್ಲಿದೆ. ಮೆಟ್ಟಿಲು ಇಳಿದದ್ದು ಮಾತ್ರ ನೆನಪಿಲ್ಲ.

ಕೆಳಗೆ ಆ ತಾಯಿ ವಾಚ್‌ಮನ್‌ನ ಸುತ್ತಿಗೆಯಿಂದ ಗಾಜು ಒಡೆದು ಮಗುವನ್ನು ಹೊರಗೆ ತೆಗೆದಿದ್ದರು. ನೆರಳಲ್ಲಿ ಕೂತು, ಒದ್ದೆ ಬಟ್ಟೆಯಿಂದ ಅವಳ ಕೆಂಪೇರಿದ ಮುಖ ಒರೆಸುತ್ತಿದ್ದರು. ಅವರ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಮಗಳು ಸಣ್ಣಗೆ ಅತ್ತಳು.

ಕಾರಿನ ಪಕ್ಕ ಹಾದುಹೋಗುವಾಗ ಹುಡುಗಿ, ಕಿಟಕಿಯಲ್ಲಿ ಕಂಡ ತಂಗಿಯನ್ನು ಎಂದಿನಂತೆ ಕರೆದಿದ್ದಳಂತೆ. ಉತ್ತರ ಬರದೆ ಮುಂದೆ ಹೆಜ್ಜೆ ಇಡಲು ಒಪ್ಪಲಿಲ್ಲವಂತೆ. ಬೇರೆಯವರಾಗಿದ್ದರೆ ನಮ್ಮನ್ನು ಬೈಯುತ್ತಿದ್ದರು. ಆ ತಾಯಿ ತಮಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಕರೆಯಬೇಕಾದರೆ ಮುಖ ನೋಡಬೇಕಲ್ಲ.

ಅದೇ ಚಳಿಗಾಲದಲ್ಲಿ, ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಅವರ ಗಂಡನ ಕೆಲಸ ಮುಗಿದು, ಅವರೆಲ್ಲ ಊರಿಗೆ ಹೊರಟುಹೋದರು. ಅಣಕಿಸಿದ್ದನ್ನು ಹೇಳಿ ಕ್ಷಮೆ ಕೇಳಬೇಕೆಂದಿದ್ದೆ. ನಾಳೆ, ನಾಡಿದ್ದು ಎನ್ನುತ್ತಾ ಉಳಿದೇ ಹೋಯಿತು...

ಈಗ ಒಬ್ಬಳೇ ಹೋದಾಗಲೂ ಹಿಂದಿನ ಸೀಟಿನ ಮೇಲೆ ಕೈಯಾಡಿಸಿಯೇ ಕಾರಿಗೆ ಬೀಗ ಹಾಕುತ್ತೇನೆ. ಮಗಳಿಗೆ ಆ ದಿನದ ನೆನಪಿಲ್ಲ. ಅದನ್ನು ಮರೆಯಲಾಗದ ನನಗೆ, ಅವಳನ್ನು ಉಳಿಸಿಕೊಟ್ಟ ತಾಯಿಯ ಹೆಸರು ಗೊತ್ತಿಲ್ಲ.